ಹತ್ತನೇ ತರಗತಿಯ ಆಚೆಗೂ ಆಟ



ನಮ್ಮ ಉಡಿಗಾಲದ ಸುತ್ತಮುತ್ತ, ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಯಾವ ಹೈಸ್ಕೂಲಿಗೇ ಹೋಗಿ, ಆಟದ ಪೀರಿಯಡ್ಡಿನಲ್ಲಿ ಓಡುವ ಹುಡುಗಿಯರು ಕಾಣುತ್ತಾರೆ. ಖೋ ಖೋ, ಕಬಡ್ಡಿ, ಥ್ರೋಬಾಲು, ಎಲ್ಲೋ ಕೆಲವು ಕಡೆ ಫುಟ್‌ಬಾಲು. ಹೋಬಳಿ ಮಟ್ಟದಲ್ಲಿ ಗೆದ್ದರೆ ತಾಲ್ಲೂಕು, ಅಲ್ಲಿ ಗೆದ್ದರೆ ಜಿಲ್ಲೆ ಎಂದು ಪಿ.ಟಿ. ಮೇಷ್ಟ್ರ ಹಿಂದೆ ಬಸ್ಸು ಹತ್ತಿ ಹೋಗುತ್ತಾರೆ. ಮರುವರ್ಷ ಅದೇ ಹುಡುಗಿಯರನ್ನು ಮೈದಾನದಲ್ಲಿ ಹುಡುಕಿ ನೋಡಿ. ಎಸ್ಸೆಸ್ಸೆಲ್ಸಿ ಮುಗಿದಿರುತ್ತದೆ. ಕೆಲವರು ಪಿಯುಸಿಗೆ ಪೇಟೆಗೆ ಬಸ್ಸಿನಲ್ಲಿ ಓಡಾಡುತ್ತಿರುತ್ತಾರೆ, ಕೆಲವರು ಚೆಂಡು ಹೂ ಬಿಡಿಸಲು ಹೋಗುತ್ತಿರುತ್ತಾರೆ, ಕೆಲವರ ಮದುವೆಯ ಮಾತು ನಡೆಯುತ್ತಿರುತ್ತದೆ. ಆಟ ಮಾತ್ರ ಬಹುತೇಕ ಎಲ್ಲರದೂ ನಿಂತಿರುತ್ತದೆ. "ದೊಡ್ಡೋಳಾದೆ ಕಣವ್ವ, ಇನ್ನು ಕುಣಿದದ್ದು ಸಾಕು" ಎಂಬ ಒಂದು ಮಾತಿಗೆ ಆಟ ಮುಗಿದುಹೋಗುತ್ತದೆ.

ಈ ಹೊತ್ತು ನಾನು ಸ್ವಿಟ್ಜರ್ಲೆಂಡಿನ ಫುಟ್‌ಬಾಲ್ ಆಟಗಾರ್ತಿಯರ ಬಗ್ಗೆ ಮಾತನಾಡಲು ಕಾರಣ ಇದೇ. ಅದರಲ್ಲೂ ಗೋಲು ಹೊಡೆಯುವ ಹೊಣೆ ಹೊತ್ತ ಮುಂಚೂಣಿಯವರ, ಅಂದರೆ ಸ್ಟ್ರೈಕರ್‌ಗಳ ಬಗ್ಗೆ. ಅಲ್ಲಿನ ಒಬ್ಬ ಸ್ಟ್ರೈಕರ್ ಮೂವತ್ತು ದಾಟಿದ ಮೇಲೂ ದೇಶಕ್ಕಾಗಿ ಆಡುತ್ತಾಳೆ. ನಮ್ಮ ಹುಡುಗಿಯ ಆಟ ಹದಿನಾರಕ್ಕೆ ಮುಗಿಯುತ್ತದೆ. ಈ ಅಂತರ ಹುಟ್ಟಿದ್ದು ಕಾಲಿನ ಕಸುವಿನಿಂದಲ್ಲ. ಆಟ ಮುಂದುವರಿಸಲು ಒಂದು ಜಾಗ, ಒಂದು ತಂಡ, ವಾರಕ್ಕೊಂದು ಪಂದ್ಯ ಇದೆಯೋ ಇಲ್ಲವೋ ಎಂಬುದರಿಂದ. ಈ ಮಾತನ್ನು ಅವರ ಬದುಕಿನ ಮೂಲಕವೇ ತೋರಿಸಲು ಪ್ರಯತ್ನಿಸುತ್ತೇನೆ.

ಸ್ವಿಟ್ಜರ್ಲೆಂಡ್ ಚಿಕ್ಕ ದೇಶ. ವಿಸ್ತಾರದಲ್ಲಿ ಕರ್ನಾಟಕದ ಕಾಲು ಭಾಗಕ್ಕಿಂತ ಕಡಿಮೆ. ಜನಸಂಖ್ಯೆ ಸುಮಾರು 90 ಲಕ್ಷ, ನಮ್ಮ ಬೆಂಗಳೂರಿನಷ್ಟೂ ಇಲ್ಲ. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ಕಚೇರಿ 1932ರಿಂದಲೂ ಅಲ್ಲಿನ ಜ್ಯೂರಿಕ್ ನಗರದಲ್ಲಿದೆ. ಆದರೆ ಹೆಣ್ಣುಮಕ್ಕಳ ಆಟಕ್ಕೆ ಆ ದೇಶ ಮೊದಲಿನಿಂದಲೂ ಬಾಗಿಲು ತೆರೆದಿತ್ತು ಎಂದುಕೊಳ್ಳಬೇಡಿ. 1921ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್ಬುಗಳ ಮೈದಾನದಲ್ಲಿ ಹೆಂಗಸರು ಆಡಕೂಡದು ಎಂದಿತು. 1955ರಲ್ಲಿ ಪಶ್ಚಿಮ ಜರ್ಮನಿ ಅಂಥದ್ದೇ ನಿಷೇಧ ಹೇರಿತು. ಸ್ವಿಟ್ಜರ್ಲೆಂಡಿನಲ್ಲೂ ಆಟಗಾರರ ಲೈಸೆನ್ಸು ಗಂಡುಮಕ್ಕಳಿಗೆ ಮಾತ್ರ ಎಂಬುದು ನಡೆದುಬಂದ ರೂಢಿಯಾಗಿತ್ತು.

ಆ ರೂಢಿಯ ಎದುರು ನಿಂತವಳು ಹನ್ನೆರಡು ವರ್ಷದ ಒಬ್ಬ ಹುಡುಗಿ. ಹೆಸರು ಮ್ಯಾಡ್ಲೆನ್ ಬೋಲ್. 1953ರಲ್ಲಿ ಹುಟ್ಟಿದವಳು, ಆಲ್ಪ್ಸ್ ಬೆಟ್ಟಗಳ ನಡುವಿನ ವಾಲೆ ಪ್ರಾಂತ್ಯದ ಗ್ರಾಂಜ್ ಎಂಬ ಹಳ್ಳಿಯ ಕಡೆಯವಳು. ಹುಡುಗರ ಜೊತೆ ಆಡಿ ಬೆಳೆದ ಅವಳಿಗೆ 1965ರಲ್ಲಿ ಸಿಯೋನ್ ಕ್ಲಬ್ಬಿನ ಕಿರಿಯರ ತಂಡದಲ್ಲಿ ಆಡಲು ಲೈಸೆನ್ಸು ಸಿಕ್ಕಿತು. ಆ ವರ್ಷ ಸಿಯೋನ್ ಮತ್ತು ಟರ್ಕಿಯ ಗಲಾತಸರಾಯ್ ತಂಡಗಳ ನಡುವೆ ಯುರೋಪಿನ ಕಪ್ ವಿನ್ನರ್ಸ್ ಕಪ್ ಪಂದ್ಯ ಇತ್ತು. ದೊಡ್ಡವರ ಪಂದ್ಯಕ್ಕೆ ಮುಂಚೆ ಕಿರಿಯರ ಪಂದ್ಯ. ಅದರಲ್ಲಿ ಮ್ಯಾಡ್ಲೆನ್ ಆಡಿದಳು. ಹುಡುಗರ ನಡುವೆ ಓಡುತ್ತಿದ್ದ ಈ ಹುಡುಗಿಯನ್ನು ಪತ್ರಿಕೆಯವರು ಗಮನಿಸಿದರು, ಸುದ್ದಿ ದೇಶ ದಾಟಿತು. ಸುದ್ದಿ ದೊಡ್ಡದಾದಂತೆ ಫುಟ್‌ಬಾಲ್ ಸಂಸ್ಥೆ ಎಚ್ಚೆತ್ತುಕೊಂಡು ಕೊಟ್ಟ ಲೈಸೆನ್ಸನ್ನು ಹಿಂದಕ್ಕೆ ಪಡೆಯಿತು. ಅವಳ ಆಟದಲ್ಲಿ ಕೊರತೆ ಕಂಡು ಹೀಗೆ ಮಾಡಿದ್ದಲ್ಲ. ಅವಳು ಹೆಣ್ಣು ಎಂಬುದಷ್ಟೇ ಕಾರಣ.

ಹನ್ನೆರಡು ವರ್ಷದ ಮಗುವಿನ ಕೈಯಿಂದ ಆಟ ಕಿತ್ತುಕೊಂಡರೆ ಅದಕ್ಕೆ ಏನನ್ನಿಸೀತು? ಮ್ಯಾಡ್ಲೆನ್ ಆಟ ಬಿಡಲಿಲ್ಲ. ತನ್ನ ದೇಶದಲ್ಲಿ ದಾರಿ ಇಲ್ಲವಾದಾಗ ಬೆಟ್ಟದಾಚೆಯ ಇಟಲಿಗೆ ಹೋದಳು. ಅಲ್ಲಿ ಆಗಲೇ ಮಹಿಳೆಯರ ಲೀಗ್ ನಡೆಯುತ್ತಿತ್ತು. ಮಿಲಾನಿನ ಗೊಮ್ಮಾಗೊಮ್ಮಾ ತಂಡದಲ್ಲಿ ಆಡಿ ಇಟಲಿಯ ಚಾಂಪಿಯನ್ ಪಟ್ಟವನ್ನೂ ಕಂಡಳು. ಅಷ್ಟರಲ್ಲಿ ಸ್ವಿಟ್ಜರ್ಲೆಂಡ್ ಕೂಡ ಬದಲಾಗತೊಡಗಿತ್ತು. 1968ರಲ್ಲಿ ಜ್ಯೂರಿಕ್‌ನಲ್ಲಿ ಮಹಿಳೆಯರ ಕ್ಲಬ್ ಹುಟ್ಟಿತು. 1970ರಲ್ಲಿ ದೇಶದ ಮಹಿಳಾ ಲೀಗ್ ಸಂಸ್ಥೆ ಬಂತು. 1972ರ ಮೇ ತಿಂಗಳಲ್ಲಿ ಬಾಸೆಲ್ ನಗರದಲ್ಲಿ ಸ್ವಿಸ್ ಮಹಿಳಾ ತಂಡ ಫ್ರಾನ್ಸ್ ಎದುರು ತನ್ನ ಮೊದಲ ಅಧಿಕೃತ ಪಂದ್ಯ ಆಡಿತು.

ಇಲ್ಲಿ ಒಂದು ಸಂಗತಿಯನ್ನು ನಾವು ನೆನೆಯಬೇಕು. ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಿಕ್ಕಿದ್ದು 1971ರ ಫೆಬ್ರುವರಿಯಲ್ಲಿ. ನಮ್ಮ ಅಜ್ಜಿಯರು 1952ರಲ್ಲೇ, ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲೇ, ಗಂಡಸರ ಸಮಕ್ಕೆ ಮತ ಹಾಕಿದ್ದರು. ಹಕ್ಕಿನ ಲೆಕ್ಕದಲ್ಲಿ ನಾವು ಅವರಿಗಿಂತ ಸುಮಾರು ಇಪ್ಪತ್ತು ವರ್ಷ ಮುಂದಿದ್ದೆವು. ಅವರು ತಡವಾಗಿ ಹೊರಟರು, ಆದರೆ ಹೊರಟ ಮೇಲೆ ಊರೂರಿಗೆ ಕ್ಲಬ್ ಕಟ್ಟಿದರು, ಪ್ರತಿ ವರ್ಷ ಲೀಗ್ ನಡೆಸಿದರು. ನಾವು ಬೇಗ ಹೊರಟೆವು, ನಡುದಾರಿಯಲ್ಲಿ ನಿಂತೆವು. ಹೇಗೆ ನಿಂತೆವು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮ್ಯಾಡ್ಲೆನ್ ನಂತರದ ಪೀಳಿಗೆಗೆ ಆಡಲು ಅಪ್ಪಣೆ ಇತ್ತು, ಆದರೆ ಆಟವನ್ನೇ ನಂಬಿ ಬದುಕುವ ಅನುಕೂಲ ಇರಲಿಲ್ಲ. ಸ್ವಿಸ್ ಲೀಗಿನ ಬಹುಪಾಲು ಆಟಗಾರ್ತಿಯರು ಆಟದ ಜೊತೆಗೆ ಉದ್ಯೋಗವನ್ನೋ ಓದನ್ನೋ ನಡೆಸಿಕೊಂಡು ಬಂದವರು. ಲಾರಾ ಡಿಕೆನ್‌ಮನ್ 1985ರಲ್ಲಿ ಹುಟ್ಟಿದವರು. 2002ರಲ್ಲಿ, ಹದಿನಾರನೇ ವಯಸ್ಸಿಗೆ, ದೇಶದ ತಂಡಕ್ಕೆ ಬಂದರು. ನಮ್ಮ ಹುಡುಗಿಯರು ಆಟ ಬಿಡುವ ವಯಸ್ಸದು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಓದಿದರು, ಅಲ್ಲೇ ಆಡಿದರು. 2009ರಲ್ಲಿ ಫ್ರಾನ್ಸಿನ ಲಿಯೋನ್ ಕ್ಲಬ್ ಸೇರಿದರು. 2011ರಲ್ಲಿ ಲಂಡನ್ನಿನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲಿಯೋನ್ ಜರ್ಮನಿಯ ಪೋಟ್ಸ್‌ಡಾಮ್ ತಂಡವನ್ನು 2–0 ಅಂತರದಿಂದ ಸೋಲಿಸಿತು. ಪಂದ್ಯ ಮುಗಿಯಲು ಐದು ನಿಮಿಷ ಇರುವಾಗ ಎರಡನೇ ಗೋಲು ಹೊಡೆದದ್ದು ಲಾರಾ. ಮುಂದೆ ಜರ್ಮನಿಯ ವೋಲ್ಫ್ಸ್‌ಬುರ್ಗ್ ಸೇರಿ, 2021ರಲ್ಲಿ ಆಟಕ್ಕೆ ವಿದಾಯ ಹೇಳುವ ಹೊತ್ತಿಗೆ ದೇಶದ ಪರ 135 ಪಂದ್ಯ ಆಡಿ 53 ಗೋಲು ಗಳಿಸಿದ್ದರು. ಆಮೇಲೆ ಜ್ಯೂರಿಕ್‌ಗೆ ಮರಳಿ, ಅಲ್ಲಿನ ಗ್ರಾಸ್‌ಹಾಪರ್ ಕ್ಲಬ್ಬಿನ ಮಹಿಳಾ ವಿಭಾಗದ ಆಡಳಿತ ವಹಿಸಿಕೊಂಡರು. ಆಡಿ ಕಲಿತದ್ದನ್ನು ಮುಂದಿನವರ ಕೈಗೆ ದಾಟಿಸುವ ಕೆಲಸ ಅದು. ಅವರಿಗಿಂತ ಐದು ವರ್ಷ ಕಿರಿಯರಾದ ರಮೋನಾ ಬಾಖ್ಮನ್ ಹದಿಹರೆಯದಲ್ಲೇ ಮನೆ ಬಿಟ್ಟು ಸ್ವೀಡನ್ನಿನ ಉಮೆಯೋ ಕ್ಲಬ್ಬಿಗೆ ಹೋದರು.

ಈ ಸಾಲಿನಲ್ಲಿ ನಾನು ಹೆಚ್ಚು ಹೊತ್ತು ಹೇಳಬೇಕೆಂದಿರುವುದು ಆನಾ-ಮರಿಯಾ ತ್ಸರ್ನೊಗೊರ್ಚೆವಿಚ್ ಅವರ ಬಗ್ಗೆ. 1990ರ ಅಕ್ಟೋಬರ್ 3ರಂದು ಥೂನ್ ಪಟ್ಟಣದ ಪಕ್ಕದ ಷ್ಟೆಫಿಸ್‌ಬುರ್ಗ್ ಎಂಬ ಊರಿನಲ್ಲಿ ಹುಟ್ಟಿದರು. ಬೇರೆ ನಾಡಿನಿಂದ ಬಂದು ನೆಲೆಸಿದ ಕ್ರೊಯೇಷಿಯಾ ಮೂಲದ ಕುಟುಂಬ ಅವರದು. ಬಾಲ್ಯದ ಆಟವೆಲ್ಲ ಥೂನ್ ಸುತ್ತಿನ ಊರ ಕ್ಲಬ್ಬುಗಳಲ್ಲೇ. ಮನೆಯಿಂದ ಹೋಗಿ, ಆಡಿ, ಮನೆಗೆ ಮರಳುವಷ್ಟು ಹತ್ತಿರದಲ್ಲಿ ಕ್ಲಬ್ ಇತ್ತು ಎಂಬುದನ್ನು ಗಮನಿಸಿ. 2009ರಲ್ಲಿ ಜರ್ಮನಿಯ ಹ್ಯಾಂಬುರ್ಗ್ ತಂಡ ಅವರನ್ನು ಕರೆಸಿಕೊಂಡಿತು. ಅದೇ ವರ್ಷ ಸ್ವಿಸ್ ರಾಷ್ಟ್ರೀಯ ತಂಡಕ್ಕೂ ಕಾಲಿಟ್ಟರು. 2011ರಲ್ಲಿ ಫ್ರಾಂಕ್‌ಫರ್ಟ್ ಸೇರಿ ಹಲವು ವರ್ಷ ಅಲ್ಲೇ ಆಡಿದರು. 2015ರಲ್ಲಿ ಆ ತಂಡ ಬರ್ಲಿನ್ನಿನ ಫೈನಲ್‌ನಲ್ಲಿ ಪ್ಯಾರಿಸ್ ತಂಡವನ್ನು ಮಣಿಸಿ ಚಾಂಪಿಯನ್ಸ್ ಲೀಗ್ ಗೆದ್ದಿತು. 2018ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್. 2020ರ ಆರಂಭದಲ್ಲಿ ಬಾರ್ಸಿಲೋನಾ. ಆ ಕ್ಲಬ್ 2021ರಲ್ಲಿ ಚೆಲ್ಸಿಯನ್ನು 4–0ರಿಂದ, 2023ರಲ್ಲಿ ವೋಲ್ಫ್ಸ್‌ಬುರ್ಗ್ ತಂಡವನ್ನು 3–2ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ ಆದಾಗ ಆನಾ-ಮರಿಯಾ ಆ ಬಳಗದಲ್ಲಿದ್ದರು. ಆಮೇಲೆ ಅಟ್ಲೆಟಿಕೊ ಮ್ಯಾಡ್ರಿಡ್, ಮತ್ತೆ ಅಮೆರಿಕದ ಸಿಯಾಟಲ್.

ದೇಶದ ಪರ ಅವರು 150ಕ್ಕೂ ಹೆಚ್ಚು ಪಂದ್ಯ ಆಡಿ 70ಕ್ಕೂ ಹೆಚ್ಚು ಗೋಲು ಹೊಡೆದಿದ್ದಾರೆ. ಸ್ವಿಟ್ಜರ್ಲೆಂಡಿನ ಪುರುಷರ ತಂಡದ ದಾಖಲೆ ಅಲೆಕ್ಸಾಂಡರ್ ಫ್ರೈ ಅವರದು, 42 ಗೋಲು. ಅಂದರೆ ಆ ದೇಶದ ಅಂಗಿ ತೊಟ್ಟು ಅತಿ ಹೆಚ್ಚು ಗೋಲು ಹೊಡೆದವರು ಒಬ್ಬ ಹೆಣ್ಣುಮಗಳು. ಮ್ಯಾಡ್ಲೆನ್ ಬೋಲ್ ಕೈಯಿಂದ ಲೈಸೆನ್ಸು ಕಿತ್ತುಕೊಂಡ ಅದೇ ದೇಶ ಅದು.

ಅವರ ಬದುಕಿನಲ್ಲಿ ನನಗೆ ಈ ಅಂಕಿಗಳಿಗಿಂತ ದೊಡ್ಡದಾಗಿ ಕಾಣುವುದು ಬೇರೊಂದಿದೆ. ಸ್ಟ್ರೈಕರ್ ಎಂದರೆ ಎದುರಾಳಿ ಗೋಲಿನ ಹತ್ತಿರ ನಿಂತು, ಆಫ್‌ಸೈಡ್ ಆಗದಂತೆ ನೋಡಿಕೊಂಡು, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಚೆಂಡನ್ನು ಬಲೆಗೆ ಸೇರಿಸಬೇಕಾದವಳು. ತೊಂಬತ್ತು ನಿಮಿಷದಲ್ಲಿ ಅವಕಾಶ ಸಿಗುವುದು ಎರಡೋ ಮೂರೋ. ಹೊಡೆದರೆ ಎಲ್ಲರೂ ಎತ್ತಿಕೊಳ್ಳುತ್ತಾರೆ, ತಪ್ಪಿದರೆ ಎಲ್ಲರೂ ಬೈಯುತ್ತಾರೆ. ಹಾಗೆ ಮುಂದೆ ನಿಂತು ಹೆಸರು ಮಾಡಿದ ಆನಾ-ಮರಿಯಾ, ತಂಡಕ್ಕೆ ಬೇಕಾದಾಗ ಬದಿಯ ರಕ್ಷಣೆಗೂ ನಿಂತರು. ಗೋಲು ಹೊಡೆಯುವವಳು ಗೋಲು ತಡೆಯುವ ಕೆಲಸ ಕಲಿತಳು. ಅದರಿಂದ ಅವರ ಆಟದ ಆಯಸ್ಸು ಹೆಚ್ಚಿತು. ಹೀಗೆ ಕಲಿಯಲು ಕಾಲ ಬೇಕು. ಇಪ್ಪತ್ತು, ಇಪ್ಪತ್ತೈದು, ಮೂವತ್ತರ ವಯಸ್ಸಿನಲ್ಲೂ ಮೈದಾನದಲ್ಲಿ ಉಳಿದಿರಬೇಕು. ನಮ್ಮ ಕಡೆಯ ಅರಿಶಿನ ಎಂಟೊಂಬತ್ತು ತಿಂಗಳ ಬೆಳೆ. ನಾಲ್ಕನೇ ತಿಂಗಳಿಗೆ ನೀರು ನಿಲ್ಲಿಸಿ, ಗೆಡ್ಡೆ ಕಟ್ಟಲಿಲ್ಲ ಎಂದು ಬೀಜವನ್ನು ದೂರುವ ರೈತ ಇದ್ದಾನೆಯೆ? ಹುಡುಗಿಯರ ಆಟದ ವಿಷಯದಲ್ಲಿ ನಾವು ಮಾಡುತ್ತಿರುವುದು ಅದೇ.

2015ರಲ್ಲಿ ಕೆನಡಾದಲ್ಲಿ ನಡೆದ ವಿಶ್ವಕಪ್ಪಿಗೆ ಸ್ವಿಸ್ ಮಹಿಳೆಯರು ಮೊದಲ ಸಲ ಬಂದರು. ಈಕ್ವೆಡಾರ್ ಎದುರು 10–1ರಿಂದ ಗೆದ್ದರು. ಆ ಪಂದ್ಯದಲ್ಲಿ ಫಾಬಿಯೆನ್ ಹುಮ್ ಎಂಬ ಸ್ಟ್ರೈಕರ್ ಐದು ನಿಮಿಷದೊಳಗೆ ಮೂರು ಗೋಲು ಹೊಡೆದು ಮಹಿಳಾ ವಿಶ್ವಕಪ್ಪಿನ ಅತಿ ವೇಗದ ಹ್ಯಾಟ್ರಿಕ್ ಬರೆದರು; ರಮೋನಾ ಕೂಡ ಮೂರು ಹೊಡೆದರು. ಕ್ಯಾಮರೂನ್ ಎದುರು ಸೋತ ಪಂದ್ಯದಲ್ಲಿ ತಂಡದ ಒಂದೇ ಗೋಲು ಆನಾ-ಮರಿಯಾ ಅವರದು. ಫಾಬಿಯೆನ್ ಆಗ ಪರದೇಶದ ಶ್ರೀಮಂತ ಕ್ಲಬ್ಬಿನವರಲ್ಲ, ಜ್ಯೂರಿಕ್ ಕ್ಲಬ್ಬಿನವರು. ಊರಲ್ಲೇ ಆಡಿದವಳೂ ವಿಶ್ವಕಪ್ಪಿನಲ್ಲಿ ದಾಖಲೆ ಬರೆಯಬಲ್ಲಳು ಎಂಬುದಕ್ಕೆ ಅವರೇ ಸಾಕ್ಷಿ.

ಹತ್ತು ವರ್ಷದ ನಂತರ, 2025ರ ಜುಲೈನಲ್ಲಿ, ಯುರೋಪಿನ ಮಹಿಳಾ ಚಾಂಪಿಯನ್‌ಷಿಪ್ ಸ್ವಿಟ್ಜರ್ಲೆಂಡಿನಲ್ಲೇ ನಡೆಯಿತು. ಬಾಸೆಲ್ಲಿನ ಮೊದಲ ಪಂದ್ಯಕ್ಕೆ 34,000ಕ್ಕೂ ಹೆಚ್ಚು ಜನ ಸೇರಿದರು. ಸ್ವಿಸ್ ತಂಡ ನಾರ್ವೆಗೆ ಸೋತು, ಐಸ್‌ಲೆಂಡನ್ನು ಸೋಲಿಸಿ, ಫಿನ್‌ಲೆಂಡ್ ಎದುರು ಕೊನೆಯ ಗಳಿಗೆಯಲ್ಲಿ ರಿಯೋಲಾ ಜೆಮೈಲಿ ಹೊಡೆದ ಗೋಲಿನಿಂದ ಸಮ ಮಾಡಿಕೊಂಡು, ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿತು. ಅಲ್ಲಿ ಸ್ಪೇನ್ ಎದುರು ಸೋತಿತು. ಇಡೀ ಟೂರ್ನಿಯನ್ನು ಮೈದಾನಕ್ಕೆ ಬಂದು ನೋಡಿದವರು ಆರೂವರೆ ಲಕ್ಷಕ್ಕೂ ಹೆಚ್ಚು. ಮೂವತ್ತನಾಲ್ಕು ವರ್ಷದ ಆನಾ-ಮರಿಯಾ ಆ ತಂಡದಲ್ಲಿದ್ದರು. ಅವರ ಜೊತೆಗೇ ಹದಿನೆಂಟು ವರ್ಷದ ಸಿಡ್ನಿ ಷೆರ್ಟೆನ್‌ಲೈಬ್ ಕೂಡ. ಹಿರಿಯಳು ಉಳಿದಿದ್ದರಿಂದ ಕಿರಿಯಳಿಗೆ ನೋಡಿ ಕಲಿಯಲು ಒಬ್ಬರಿದ್ದರು.

ಈಗ ನಮ್ಮ ಕಡೆಗೆ ಬರೋಣ. ಗುಂಡ್ಲುಪೇಟೆಯಿಂದ ಬಂಡೀಪುರ ಹಾದು, ಸುಲ್ತಾನ್ ಬತ್ತೇರಿ ದಾಟಿ, ಘಟ್ಟ ಇಳಿದು ಹೋಗುವ ರಾಷ್ಟ್ರೀಯ ಹೆದ್ದಾರಿ 766 ಮುಟ್ಟುವುದು ಕೋಳಿಕೋಡನ್ನು. ನಮ್ಮ ತರಕಾರಿ, ಹೂವು ದಿನವೂ ಹೋಗುವ ದಾರಿ ಅದು. ಆ ಕೋಳಿಕೋಡಿನಲ್ಲಿ 1980ರ ಜನವರಿಯಲ್ಲಿ ಮಹಿಳೆಯರ ಏಷ್ಯಾ ಚಾಂಪಿಯನ್‌ಷಿಪ್ ನಡೆಯಿತು. ಭಾರತ ಫೈನಲ್ ತಲುಪಿ, ತೈವಾನ್ ಎದುರು 0–2ರಿಂದ ಸೋತು, ಏಷ್ಯಾದ ಎರಡನೇ ತಂಡವಾಯಿತು. 1983ರಲ್ಲಿ ಥಾಯ್ಲೆಂಡಿನಲ್ಲಿ ಮತ್ತೊಮ್ಮೆ ಎರಡನೆಯ ಸ್ಥಾನ. ಅದಕ್ಕೆ ಕೆಲವೇ ವರ್ಷ ಮುಂಚೆ, 1975ರಲ್ಲಿ, ಭಾರತೀಯ ಮಹಿಳಾ ಫುಟ್‌ಬಾಲ್ ಫೆಡರೇಷನ್ ಹುಟ್ಟಿ, ಲಖನೌದಲ್ಲಿ ಮೊದಲ ರಾಷ್ಟ್ರೀಯ ಟೂರ್ನಿ ನಡೆದಿತ್ತು. ಎಂಥ ವೇಗದ ಬೆಳವಣಿಗೆ! ಆದರೆ ಊರೂರಿನಲ್ಲಿ ಕ್ಲಬ್ ಹುಟ್ಟಲಿಲ್ಲ, ವರ್ಷವರ್ಷವೂ ನಡೆಯುವ ಲೀಗ್ ಬರಲಿಲ್ಲ. 2009ರಲ್ಲಿ, ಬಹುಕಾಲ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡಿಲ್ಲವೆಂದು, ಫಿಫಾ ತನ್ನ ಶ್ರೇಯಾಂಕ ಪಟ್ಟಿಯಿಂದಲೇ ಭಾರತದ ಮಹಿಳೆಯರನ್ನು ಕೈಬಿಟ್ಟಿತು. ಷ್ಟೆಫಿಸ್‌ಬುರ್ಗಿನ ಹುಡುಗಿ ದೇಶದ ತಂಡ ಸೇರಿದ ವರ್ಷವೂ ಅದೇ ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಆದರೂ ಬೆಳಕು ಮೂಡುತ್ತಿದೆ. 2016–17ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಆರಂಭವಾಯಿತು. 2020ರ ಫೈನಲ್ ಬೆಂಗಳೂರಿನಲ್ಲೇ ನಡೆದು ಗೋಕುಲಂ ಕೇರಳ ತಂಡ ಗೆದ್ದಿತು. ಅದೇ ಹೆದ್ದಾರಿಯ ತುದಿಯ, ಕೋಳಿಕೋಡಿನ ತಂಡ. ಮುಂದೆ ಇನ್ನೆರಡು ಸಲ ಅದೇ ತಂಡ ಗೆದ್ದಿತು. 2023ರ ಫೈನಲ್‌ನಲ್ಲಿ ಅದರ ಎದುರು ನಿಂತದ್ದು ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್. ಅಂದು 0–5ರಿಂದ ಸೋತರೂ ಕರ್ನಾಟಕದ ಮಹಿಳಾ ತಂಡವೊಂದು ದೇಶದ ಫೈನಲ್ ಮುಟ್ಟಿತ್ತು.

ಮಣಿಪುರದ ಬಾಲಾ ದೇವಿ ಅವರ ಹೆಸರನ್ನು ನಮ್ಮ ಹುಡುಗಿಯರು ಬಾಯಿಪಾಠ ಮಾಡಬೇಕು. ಭಾರತದ ಪರ 50ಕ್ಕೂ ಹೆಚ್ಚು ಗೋಲು ಹೊಡೆದ ಸ್ಟ್ರೈಕರ್. ಬೆಂಗಳೂರು ಎಫ್‌ಸಿ ಮತ್ತು ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬಿನ ನಡುವೆ ಒಂದು ಒಪ್ಪಂದವಿತ್ತು. ಅದರ ಮೂಲಕ ಪರೀಕ್ಷೆಗೆ ಹೋದ ಬಾಲಾ ದೇವಿಯನ್ನು 2020ರ ಜನವರಿಯಲ್ಲಿ ರೇಂಜರ್ಸ್ ಒಂದೂವರೆ ವರ್ಷದ ಕರಾರಿನ ಮೇಲೆ ಸೇರಿಸಿಕೊಂಡಿತು. ಆ ವರ್ಷದ ಡಿಸೆಂಬರಿನಲ್ಲಿ ಮದರ್‌ವೆಲ್ ಎದುರು ಗೋಲು ಹೊಡೆದರು. ಅದುವರೆಗೆ ಅವರ ಆಟದ ಜೀವವನ್ನು ಹಿಡಿದಿಟ್ಟದ್ದು ಮಣಿಪುರ ಪೊಲೀಸ್ ಇಲಾಖೆಯ ಕೆಲಸ. ಸಂಬಳ ಇತ್ತು, ಆದ್ದರಿಂದ ಆಟ ಉಳಿಯಿತು. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಬಂಗಾಳದ ಸಂಗೀತಾ ಬಾಸ್ಫೋರ್ ಹೊಡೆದ ಎರಡು ಗೋಲುಗಳಿಂದ ಭಾರತ ಥಾಯ್ಲೆಂಡನ್ನು 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಿತು. ಆ ಹೊತ್ತಿಗೇ ಸ್ವಿಟ್ಜರ್ಲೆಂಡಿನಲ್ಲಿ ಯುರೋಪಿನ ಟೂರ್ನಿ ನಡೆಯುತ್ತಿತ್ತು.

ಅದೆಲ್ಲ ಮಣಿಪುರ, ಬಂಗಾಳದ ಮಾತು, ನಮ್ಮ ಬಯಲು ಸೀಮೆಯ ಹೈಕಳಿಗೆ ಆದೀತೆ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಕುರುಬೂರನ್ನು ತೋರಿಸುತ್ತೇನೆ. ಪಕ್ಕದ ತಿರುಮಕೂಡಲು ನರಸೀಪುರ ತಾಲ್ಲೂಕಿನ ಹಳ್ಳಿ. ಅಲ್ಲಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದರು. ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ ತಂಡ ಅದು. ನಮ್ಮಂಥದೇ ಊರು, ನಮ್ಮಂಥದೇ ರೈತಾಪಿ ಬದುಕು. ಆಟ ನಿಲ್ಲದೆ ಮುಂದುವರಿದದ್ದರಿಂದ ಆ ಹುಡುಗಿ ವಿಶ್ವಕಪ್ ಮುಟ್ಟಿದಳು.

ಹಾಗಾದರೆ ಉಡಿಗಾಲದಂಥ ಊರಿನಲ್ಲಿ ನಾವೇನು ಮಾಡಬಹುದು? ದೊಡ್ಡ ಕ್ರೀಡಾಂಗಣ ಬರಲೆಂದು ಕಾಯುವುದು ಬೇಡ. ಶಾಲೆಯ ಮೈದಾನ ಭಾನುವಾರ ಖಾಲಿ ಇರುತ್ತದೆ. ಎರಡೂ ಕಡೆ ಸರ್ವೆ ಮರದ ಗಳ ನೆಟ್ಟರೆ ಗೋಲಿನ ಕಂಬ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರಿಗೆಂದೇ ವಾರಕ್ಕೊಂದು ಆಟ ಗೊತ್ತುಮಾಡಿ, ಬೆಳಗಿನ ಹೊತ್ತು, ತಾಯಂದಿರ ಕಣ್ಣೆದುರಿನಲ್ಲೇ. ಹನ್ನೊಂದು ಮಂದಿ ಸಿಗದಿದ್ದರೆ ಐದೈದು ಮಂದಿಯ ಆಟ ಆಡಲಿ. ತೆರಕಣಾಂಬಿಯದೊಂದು ತಂಡ, ಉಡಿಗಾಲದದೊಂದು, ಬೇಗೂರಿನದೊಂದು. ತಿಂಗಳಿಗೊಮ್ಮೆ ಒಂದೂರಿಗೆ ಇನ್ನೊಂದೂರಿನವರು ಹೋಗಿ ಆಡಲಿ. ಊರಹಬ್ಬಕ್ಕೆ ಗಂಡುಮಕ್ಕಳ ಕಬಡ್ಡಿ ಪಂದ್ಯ ಇಡುವ ಯುವಕ ಸಂಘಗಳು ಅದರ ಪಕ್ಕದಲ್ಲೇ ಹೆಣ್ಣುಮಕ್ಕಳ ಪಂದ್ಯವನ್ನೂ ಇಡಲಿ, ಬಹುಮಾನವನ್ನೂ ಅಷ್ಟೇ ಕೊಡಲಿ. ಸ್ತ್ರೀಶಕ್ತಿ ಸಂಘದವರು ಚೆಂಡಿನ ಖರ್ಚು ಹೊತ್ತರೆ ಅದಕ್ಕಿಂತ ಒಳ್ಳೆಯ ಸಾಲ ಮತ್ತೊಂದಿಲ್ಲ, ಹುಡುಗಿಯರ ಆರೋಗ್ಯದಲ್ಲಿ ಅದು ಬಡ್ಡಿ ಸಮೇತ ತೀರುತ್ತದೆ.

ಪದವಿಪೂರ್ವ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ವಿನಂತಿ. ಹುಡುಗಿ ಪ್ರವೇಶಕ್ಕೆ ಬಂದಾಗ ಅಂಕಪಟ್ಟಿಯ ಜೊತೆಗೆ ಅವಳ ಆಟದ ಪ್ರಮಾಣಪತ್ರಗಳನ್ನೂ ನೋಡಿ, "ಯಾವ ಆಟ ಆಡ್ತಿದ್ದೆ ಮಗಳೆ?" ಎಂದು ಕೇಳಿ. ಆ ಒಂದು ಪ್ರಶ್ನೆಯಿಂದ ಒಂದು ತಂಡ ಹುಟ್ಟಬಹುದು. ಆಡಿದವರೆಲ್ಲ ಭಾರತ ತಂಡ ಸೇರುವುದಿಲ್ಲ, ನಿಜ. ಆದರೆ ಪೊಲೀಸ್, ರೈಲ್ವೆಯಂಥ ಇಲಾಖೆಗಳಲ್ಲಿ ಕ್ರೀಡಾಪಟುಗಳಿಗೆ ಜಾಗವಿದೆ. ದೈಹಿಕ ಶಿಕ್ಷಕಿಯಾಗಬಹುದು, ತರಬೇತುದಾರಳಾಗಬಹುದು, ಸೀಟಿ ಹಿಡಿದು ರೆಫರಿಯಾಗಬಹುದು. ಹಳ್ಳಿಯ ಶಾಲೆಗೆ ಒಬ್ಬ ದೈಹಿಕ ಶಿಕ್ಷಕಿ ಬಂದರೆ ಎಷ್ಟೋ ತಂದೆತಾಯಿಯರು ಧೈರ್ಯವಾಗಿ ಮಗಳನ್ನು ಮೈದಾನಕ್ಕೆ ಕಳಿಸುತ್ತಾರೆ.

ಕೊನೆಯದಾಗಿ ಅಪ್ಪಂದಿರಿಗೆ, ಅಣ್ಣಂದಿರಿಗೆ ಒಂದು ಮಾತು. ಮಗಳು ಟ್ರ್ಯಾಕ್ ಪ್ಯಾಂಟ್ ಹಾಕಿ ಚೆಂಡಿನ ಹಿಂದೆ ಓಡಿದರೆ ಮನೆಯ ಮಾನ ಹೋಗುವುದಿಲ್ಲ. ಅವಳ ಎಲುಬು ಗಟ್ಟಿಯಾಗುತ್ತದೆ, ಎದೆ ಗಟ್ಟಿಯಾಗುತ್ತದೆ, ಸೋತು ಮತ್ತೆ ಎದ್ದು ನಿಲ್ಲುವುದನ್ನು ಕಲಿಯುತ್ತಾಳೆ. ಸ್ವಿಟ್ಜರ್ಲೆಂಡಿನಲ್ಲಿ ಒಬ್ಬ ಹುಡುಗಿಯ ಲೈಸೆನ್ಸು ಕಿತ್ತುಕೊಂಡ ಮೇಲೆ, ಆ ದೇಶದ ಮೈದಾನಗಳು ಹೆಣ್ಣುಮಕ್ಕಳ ಪಂದ್ಯಕ್ಕಾಗಿ ತುಂಬಲು ಅರವತ್ತು ವರ್ಷ ಹಿಡಿಯಿತು. ನಮ್ಮಲ್ಲಿ ಲೈಸೆನ್ಸು ಕಿತ್ತುಕೊಳ್ಳುವವರು ಯಾರೂ ಇಲ್ಲ. ಬೇಕಾಗಿರುವುದು ಮನೆಯ ಒಪ್ಪಿಗೆ, ಊರಿನ ಬೆಂಬಲ, ವಾರಕ್ಕೆರಡು ಗಂಟೆ. ಈ ಬೇಸಗೆಯಲ್ಲಿ ಪರೀಕ್ಷೆ ಮುಗಿಸುವ ನಿಮ್ಮ ಮನೆಯ ಹುಡುಗಿ ಜೂನ್ ತಿಂಗಳಿನಲ್ಲೂ ಆಡುತ್ತಿರುವಂತೆ ನೋಡಿಕೊಳ್ಳಿ. ಅಷ್ಟು ಮಾಡಿದರೆ ಮುಂದಿನದನ್ನು ಅವಳೇ ಮಾಡಿಕೊಳ್ಳುತ್ತಾಳೆ.